ಮಾರಾಟಕ್ಕಿರುವ ಮನೆ, ಮಾರಾಟವಾದ ಮನುಷ್ಯರು

ಒಂದು ಮನೆ ಮಾರಾಟಕ್ಕಿದೆ. ಕೊಳ್ಳುವ ತಾಕತ್ತು ನನಗಿಲ್ಲ, ಇದನ್ನು ಓದುತ್ತಿರುವ ನಿಮಗೂ ಇರಲಾರದು. ಆದರೂ ಒಳಗೆ ಹೋಗಿ ನೋಡಿಬರೋಣ ಬನ್ನಿ. ಹೊಸಲಿನ ಹತ್ತಿರ ಯಾರೂ ತಡೆದು ನಿಲ್ಲಿಸಿ "ಯಾರ ಪೈಕಿ?" ಅಂತ ಕೇಳುವುದಿಲ್ಲ. ಯಾಕೆಂದರೆ ನಾವು ಒಳಗೆ ಹೋಗುವುದು ಒಂದು ಜಾಹೀರಾತಿನ ಮೂಲಕ.

ಮನೆ ಇರೋದು ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ. ನ್ಯೂಯಾರ್ಕ್ ಅಂದಕೂಡಲೆ ಮುಗಿಲು ಮುಟ್ಟುವ ಕಟ್ಟಡಗಳನ್ನು ನೆನೆಸಿಕೊಳ್ಳಬೇಡಿ. ಆ ನಗರದಿಂದ ಹಡ್ಸನ್ ನದಿಯ ದಡ ಹಿಡಿದು ಬಡಗಣಕ್ಕೆ ಸುಮಾರು 150 ಕಿಲೋಮೀಟರ್ ನಡೆದರೆ ಅಲ್‌ಸ್ಟರ್ ಕೌಂಟಿ ಅನ್ನೋ ಸೀಮೆ ಸಿಗುತ್ತದೆ. ಕಿಂಗ್‌ಸ್ಟನ್, ಹರ್ಲಿ, ನ್ಯೂ ಪಾಲ್ಟ್ಸ್ ಅಲ್ಲಿಯ ಊರುಗಳು. ಹೊಲ, ತೋಪು, ಬೆಟ್ಟ, ನಡುನಡುವೆ ಇನ್ನೂರು ಮುನ್ನೂರು ವರ್ಷದ ಕಲ್ಲುಮನೆಗಳು. ಡಚ್ಚರು, ಫ್ರಾನ್ಸಿನಿಂದ ಓಡಿಬಂದ ಹ್ಯೂಗೆನೋಗಳು ಕಟ್ಟಿಸಿದ ಬೇಸಾಯದ ಮನೆಗಳು ಅವು. ಕೆಲವು ಮ್ಯೂಸಿಯಂ ಆಗಿವೆ. ಉಳಿದವು ಖಾಸಗಿಯವರ ಕೈಲಿದ್ದು ಆಗಾಗ ಮಾರಾಟಕ್ಕೆ ಬರುತ್ತವೆ. ಅಂಥ ನಾಕಾರು ಜಾಹೀರಾತುಗಳನ್ನು ಗೆಳೆಯನೊಬ್ಬ ತನ್ನ ಮೊಬೈಲಿನಲ್ಲಿ ತೋರಿಸಿದ.

ಎಲ್ಲದರ ಮಾತೂ ಒಂದೇ ಅಚ್ಚಿನದು. ಸುಣ್ಣಗಲ್ಲಿನ ದಪ್ಪ ಗೋಡೆ, ಹಳೆಯ ತೊಲೆ, ಅಗಲ ಹಲಗೆಯ ನೆಲ, ಮೇಲರ್ಧ ಕೆಳಗರ್ಧ ಬೇರೆಬೇರೆಯಾಗಿ ತೆರೆಯುವ ಡಚ್ ಬಾಗಿಲು, ಎತ್ತು ಹೊಗುವಷ್ಟು ದೊಡ್ಡ ಬೆಂಕಿಗೂಡು, ಹಿಂದೆ ಕಣಜದ ಮನೆ. ಎಲ್ಲವೂ "ಮೂಲದ್ದು". ಈಚೆಗೆ ಲಕ್ಷಾಂತರ ಡಾಲರ್ ಸುರಿದು ಮಾಡಿಸಿದ ಜೀರ್ಣೋದ್ಧಾರ. ಕೊನೆಯಲ್ಲಿ ಒಂದು ಸಾಲು: ತಂಪಾದ ನೆಲಮಾಳಿಗೆ, ವೈನ್ ಇಡಲು ಹೇಳಿಮಾಡಿಸಿದ ಜಾಗ.

ಜೀರ್ಣೋದ್ಧಾರ! ನಮ್ಮಲ್ಲಿ ದೇವಸ್ಥಾನಗಳಿಗೆ ಬಳಸುವ ಮಾತು. ಜೀರ್ಣವಾದವರು ಯಾರು, ಉದ್ಧಾರವಾದವರು ಯಾರು ಅಂತ ಕೇಳೋಣವೆಂದರೆ ಜಾಹೀರಾತಿಗೆ ಬಾಯಿಲ್ಲ.

ನಮ್ಮೂರಲ್ಲೂ ಒಂದು ತೊಟ್ಟಿಮನೆ ಇದೆ. ಅದರ ಒಳತೊಟ್ಟಿಗೆ ಮಳೆ ಬೀಳೋದನ್ನ ನಮ್ಮವ್ವ ಇವತ್ತಿಗೂ ನೋಡಿಲ್ಲ. ಹಿತ್ತಲಿನಿಂದ ಕೊಟ್ಟಿಗೆ, ಕೊಟ್ಟಿಗೆಯಿಂದ ತಿಪ್ಪೆ, ಇಷ್ಟೇ ಅವಳು ಕಂಡ ಆ ಮನೆ. ನಮ್ಮ ತಾತ ಮಾತ್ರ ಒಂದು ಕಡೆ ಒಳಗಿಳಿದಿದ್ದ, ಅಂಗಳದ ಹಗೇವಿಗೆ. ವರ್ಷಗಟ್ಟಲೆ ಮುಚ್ಚಿದ್ದ ಹಗೇವಿನ ಬಾಯಿ ತೆಗೆದರೆ ಒಳಗೆ ಉಸಿರು ಕಟ್ಟೋ ಗಾಳಿ. ಇಳಿದವನು ತಿರುಗಿ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಇಳಿಸೋಕೆ ನಮ್ಮ ಕೇರಿಯವನೇ ಬೇಕು. ಅವನು ಬೊಗಸೆಯಲ್ಲಿ ತುಂಬಿ ಮೇಲೆ ಕಳಿಸಿದ ರಾಗಿಗೆ ಮೈಲಿಗೆ ಇಲ್ಲ, ಅವನು ಜಗಲಿ ಮುಟ್ಟಿದರೆ ಮೈಲಿಗೆ. ಅದಕ್ಕೇ ಯಾವ ಹಳೇ ಮನೆ ಕಂಡರೂ ನನ್ನ ಕಣ್ಣು ಮೊದಲು ಅದರ ನೆಲದಡಿಗೆ ಹೋಗುತ್ತದೆ. ಹಡ್ಸನ್ ದಡದ ಮನೆಯಲ್ಲೂ ಹಾಗೇ ಆಯಿತು. ಆ ತಂಪಾದ ನೆಲಮಾಳಿಗೆಯಲ್ಲಿ ವೈನಿಗಿಂತ ಮುಂಚೆ ಏನಿತ್ತು?

ಮನುಷ್ಯರಿದ್ದರು.

ಅಮೆರಿಕದ ಗುಲಾಮಗಿರಿ ಅಂದರೆ ನಮ್ಮ ಪಠ್ಯಪುಸ್ತಕದಲ್ಲಿ ದಕ್ಷಿಣದ ಹತ್ತಿ ಹೊಲ, ಉತ್ತರದವರು ಬಂದು ಬಿಡಿಸಿದರು, ಲಿಂಕನ್ ಮಹಾಶಯ, ಇಷ್ಟೇ. ನಾನೂ ಪರೀಕ್ಷೆಯಲ್ಲಿ ಹಾಗೇ ಬರೆದು ಅಂಕ ತಗೊಂಡವನು. ಆದರೆ ನ್ಯೂಯಾರ್ಕ್ ಇರೋದು ಉತ್ತರದಲ್ಲಿ. ಆ ನೆಲಕ್ಕೆ ಆಫ್ರಿಕಾದ ಮೊದಲ ಗುಲಾಮರನ್ನು ಡಚ್ ಕಂಪನಿ ತಂದದ್ದು 1626ರ ಸುಮಾರಿಗೆ. 1664ರಲ್ಲಿ ಇಂಗ್ಲಿಷರು ಆ ವಸಾಹತನ್ನು ಕಿತ್ತುಕೊಂಡರು. ಧಣಿ ಬದಲಾದ, ಗುಲಾಮ ಬದಲಾಗಲಿಲ್ಲ. 1790ರ ಜನಗಣತಿಯಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ 21 ಸಾವಿರಕ್ಕೂ ಹೆಚ್ಚು ಗುಲಾಮರಿದ್ದರು. ಅಲ್‌ಸ್ಟರ್ ಕೌಂಟಿ ಒಂದರಲ್ಲೇ ಸುಮಾರು 2,900 ಮಂದಿ, ಅಂದರೆ ಹತ್ತು ತಲೆಗೆ ಒಂದು ತಲೆ. ಇವತ್ತು ಬ್ರೂಕ್ಲಿನ್ ಅನ್ನಿಸಿಕೊಂಡಿರುವ, ಆಗ ಬರೀ ಹೊಲಗದ್ದೆಯಾಗಿದ್ದ ಕಿಂಗ್ಸ್ ಕೌಂಟಿಯಲ್ಲಿ ಮೂರು ತಲೆಗೆ ಒಂದು.

ಆ ಮಣ್ಣಿಗೆ ಅದಕ್ಕೂ ಹಿಂದಿನ ಒಕ್ಕಲಿದ್ದರು. ಎಸೋಪಸ್ ಮನ್ಸಿ ಅನ್ನೋ ಮೂಲನಿವಾಸಿಗಳು ಅಲ್ಲಿ ಮುಸುಕಿನ ಜೋಳ ಬೆಳೀತಿದ್ದರು. 1650ರ ದಶಕದಲ್ಲಿ ಡಚ್ಚರು ಬಂದರು. 1659ರಿಂದ 1663ರವರೆಗೆ ಎರಡು ಯುದ್ಧ ನಡೆದವು. ಸೆರೆಸಿಕ್ಕ ಮನ್ಸಿಗಳಲ್ಲಿ ಕೆಲವರನ್ನು ಕ್ಯುರಸಾವೋ ದ್ವೀಪಕ್ಕೆ ಗುಲಾಮರನ್ನಾಗಿ ಸಾಗಿಸಿದರು. 1677ರಲ್ಲಿ ಹನ್ನೆರಡು ಹ್ಯೂಗೆನೋ ಯಜಮಾನರು ಮನ್ಸಿಗಳಿಂದ ಸುಮಾರು 40,000 ಎಕರೆ ಬರೆಸಿಕೊಂಡು ನ್ಯೂ ಪಾಲ್ಟ್ಸ್ ಊರು ಕಟ್ಟಿದರು. ಈ ಹ್ಯೂಗೆನೋಗಳು ಸ್ವತಃ ಧರ್ಮದ ಕಾರಣಕ್ಕೆ ಫ್ರಾನ್ಸಿನಲ್ಲಿ ಏಟು ತಿಂದು ದೇಶ ಬಿಟ್ಟ ಜನ. ಏಟು ತಿಂದವರಿಗೆ ಇನ್ನೊಬ್ಬರ ನೋವು ತಿಳಿದೀತು ಅಂತ ನಾವು ನಂಬುತ್ತೇವಲ್ಲ, ಅದು ಅಷ್ಟು ಸುಲಭದ ಮಾತಲ್ಲ. ಊರು ಕಟ್ಟುವ ಹೊತ್ತಿಗೇ ಅವರಲ್ಲಿ ಗುಲಾಮರನ್ನು ಕೊಂಡವರಿದ್ದರು.

ಬೆಳೆ ಮುಖ್ಯವಾಗಿ ಗೋಧಿ. ಗೋಧಿ ಹಿಟ್ಟಾಗಿ, ಪೀಪಾಯಿಗೆ ತುಂಬಿ, ನದಿಯಲ್ಲಿ ಇಳಿದು, ಅಲ್ಲಿಂದ ಹಡಗಿನಲ್ಲಿ ವೆಸ್ಟ್ ಇಂಡೀಸಿನ ಕಬ್ಬಿನ ದ್ವೀಪಗಳಿಗೆ ಹೋಗುತ್ತಿತ್ತು. ಇಲ್ಲಿ ಗುಲಾಮರು ಬೆಳೆದ ಗೋಧಿಯ ಹಿಟ್ಟು, ಅಲ್ಲಿ ಗುಲಾಮರನ್ನು ದುಡಿಸಿ ಸಕ್ಕರೆ ಮಾಡುವ ತೋಟಗಳಿಗೆ. ಈ ವ್ಯಾಪಾರದ ದುಡ್ಡಿನಲ್ಲಿ ಗೋಡೆಗಳು ದಪ್ಪವಾದವು.

ದಕ್ಷಿಣದ ದೊಡ್ಡ ಪ್ಲಾಂಟೇಷನ್ನುಗಳಲ್ಲಿ ಗುಲಾಮರ ಗುಡಿಸಲುಗಳ ಸಾಲೇ ಬೇರೆ ಇರುತ್ತಿತ್ತು. ಒಂಥರಾ ನಮ್ಮ ಹೊಲಗೇರಿ ಅನ್ನಿ. ಹಡ್ಸನ್ ದಡದಲ್ಲಿ ಹಾಗಲ್ಲ. ಒಬ್ಬೊಬ್ಬ ರೈತನ ಹತ್ತಿರ ಒಬ್ಬರೋ ಇಬ್ಬರೋ ಐದಾರು ಮಂದಿಯೋ. ಅವರಿಗೆ ಕೇರಿ ಇಲ್ಲ. ಧಣಿಯ ಮನೆಯೊಳಗೇ, ಆದರೆ ಮನೆಯವರು ಇರದ ಕಡೆ: ಕೆಳಗಿನ ನೆಲಮಾಳಿಗೆಯ ಅಡುಗೆಮನೆಯಲ್ಲಿ, ಇಲ್ಲವೆ ಕಾಳು ಹರಡುವ ಅಟ್ಟದಲ್ಲಿ. ಈ ವ್ಯತ್ಯಾಸವೇ ಆಮೇಲೆ ಮರೆವಿಗೆ ಅನುಕೂಲವಾಯಿತು. ಗುಡಿಸಲು ಸಾಲು ಇದ್ದಿದ್ದರೆ ಅದರ ಬುನಾದಿಯಾದರೂ ಸಿಗುತ್ತಿತ್ತು. ಇಲ್ಲಿ ಮನೆಯವರ ಮನೆಯೇ ಗುಲಾಮರ ಮನೆ. ಜೀರ್ಣೋದ್ಧಾರದವನು ಸುಣ್ಣ ಬಳಿದು ದೀಪ ಹಾಕಿದರೆ ಸಾಕು, ಅವರು ಇಲ್ಲವಾಗುತ್ತಾರೆ.

ಅಟ್ಟದ ಮಾತು ಬಂತು, ಒಂದು ಸಂಗತಿ ಹೇಳಿಬಿಡುತ್ತೇನೆ. ಬ್ರೂಕ್ಲಿನ್ನಿನಲ್ಲಿ ಲಾಟ್ ಮನೆತನದ ಹಳೇ ಬೇಸಾಯದ ಮನೆಯೊಂದು ಉಳಿದಿದೆ. 1990ರ ದಶಕದ ಕೊನೆಯಲ್ಲಿ ಪುರಾತತ್ವದವರು ಅದರ ಕಿರಿದಾದ ಅಟ್ಟದ ಕೋಣೆಯ ಹಲಗೆ ಎಬ್ಬಿಸಿ ನೋಡಿದರು. ಅಡಿಯಲ್ಲಿ ಜೋಳದ ಬೆಂಡುಗಳನ್ನು ಒಂದರ ಮೇಲೊಂದು ಅಡ್ಡಡ್ಡ ಇಟ್ಟು ಕತ್ತರಿ ಗುರುತು ಮಾಡಿದ್ದರು. ಜತೆಗೆ ದಾರ ಸುತ್ತಿದ ಒಂದು ಬಟ್ಟೆ ಗಂಟು. ಆಫ್ರಿಕಾದಿಂದ ಬಂದ ನಂಬಿಕೆಯ ರಕ್ಷೆ ಇರಬೇಕು ಅಂತ ಅವರ ಊಹೆ. ಧಣಿಯ ಛಾವಣಿಯ ಕೆಳಗೆ, ಧಣಿಯ ಬೈಬಲ್ಲಿನ ತಲೆಯ ಮೇಲೆ, ಯಾರೋ ತಮ್ಮ ದೇವರನ್ನು ಹಲಗೆಯಡಿ ಬಚ್ಚಿಟ್ಟಿದ್ದರು.

ಈಗ ನೆಲಮಾಳಿಗೆ. ಅಲ್‌ಸ್ಟರ್ ಕೌಂಟಿಯ ಒಂದು ನೆಲಮಾಳಿಗೆಯ ಬಗ್ಗೆ ಅದರೊಳಗೆ ಮಲಗಿದ್ದವಳೇ ಸಾಕ್ಷಿ ಹೇಳಿದ್ದಾಳೆ. ಅವಳ ಹೆಸರು ಇಸಬೆಲ್ಲಾ. ಮುಂದೆ 1843ರಲ್ಲಿ ತನಗೆ ತಾನೇ ಹೆಸರಿಟ್ಟುಕೊಂಡಳು: ಸೊಜರ್ನರ್ ಟ್ರೂತ್. ಅಲ್ಲಲ್ಲಿ ತಂಗುತ್ತಾ ಸಾಗುವ ಸತ್ಯ ಅನ್ನಬಹುದು. ಅಕ್ಷರ ಬಾರದವಳು. ಅವಳು ಹೇಳಿದ್ದನ್ನು ಆಲಿವ್ ಗಿಲ್ಬರ್ಟ್ ಎಂಬಾಕೆ ಬರೆದುಕೊಂಡು 1850ರಲ್ಲಿ ಪುಸ್ತಕವಾಗಿ ಬಂತು.

ಹುಟ್ಟಿದ್ದು 1797ರ ಸುಮಾರಿಗೆ. ಗುಲಾಮರ ಹುಟ್ಟಿದ ದಿನ ಯಾರು ಬರೆದಿಡ್ತಾರೆ? ನಮ್ಮಪ್ಪನ ಹುಟ್ಟಿದ ತಾರೀಕನ್ನು ಸ್ಕೂಲ್ ಮೇಷ್ಟ್ರು ಜೂನ್ ಒಂದು ಅಂತ ಬರಕೊಂಡ ಹಾಗೆ. ಅವಳ ಧಣಿ ಕರ್ನಲ್ ಜೊಹಾನ್ನಿಸ್ ಹಾರ್ಡನ್‌ಬರ್ಗ್. ಅವನು ಸತ್ತಮೇಲೆ ಮಗ ಚಾರ್ಲ್ಸ್. ಚಾರ್ಲ್ಸ್ ಹೊಸ ಮನೆ ಕಟ್ಟಿಸಿದ, ಹೋಟೆಲು ನಡೆಸೋಣ ಅಂತ. ಆ ಹೊಸ ಮನೆಯ ನೆಲಮಾಳಿಗೆಯಲ್ಲಿ ಅವನ ಗುಲಾಮರೆಲ್ಲ, ಗಂಡಸರು ಹೆಂಗಸರು ಮಕ್ಕಳು ಒಟ್ಟಿಗೆ. ಬೆಳಕಿಗೆ ಒಂದೆರಡು ಗಾಜಿನ ಬಿಲ್ಲೆ. ಕಾಲಡಿ ಬಿಡಿಬಿಡಿ ಹಲಗೆ. ಹಲಗೆಯ ಸಂದಿನಲ್ಲಿ ಕೆಸರು, ನೀರು. ಹಲಗೆ ಮೇಲೆ ಹುಲ್ಲು, ಹುಲ್ಲಿನ ಮೇಲೆ ಕಂಬಳಿ. ಹೆತ್ತವರನ್ನು ಮುದಿತನದಲ್ಲಿ ಹಿಂಡಿದ ಕೀಲುನೋವು ಆ ನೆಲದ ಕೊಡುಗೆ ಅಂತ ಅವಳು ನಂಬಿದ್ದಳು. ತಂಪಾದ ನೆಲಮಾಳಿಗೆ ಅಂತ ಬರೀತಾರಲ್ಲ, ಆ ತಂಪು ಇದು.

ಅವಳ ಅವ್ವನ ಹೆಸರು ಬೆಟ್. ಹತ್ತಕ್ಕೂ ಹೆಚ್ಚು ಮಕ್ಕಳನ್ನು ಹೆತ್ತ ತಾಯಿ. ಒಬ್ಬೊಬ್ಬರಾಗಿ ಮಾರಾಟವಾದರು. ಒಂದು ಹಿಮದ ಬೆಳಗ್ಗೆ ಐದು ವರ್ಷದ ಗಂಡು ಮಗು ಎದ್ದು ಒಲೆ ಹೊತ್ತಿಸಿದ. ಬಾಗಿಲಲ್ಲಿ ಹಿಮದ ಮೇಲೆ ಓಡುವ ಗಾಡಿ ನಿಂತಿತ್ತು. ಮಗು ಖುಷಿಯಿಂದ ಹತ್ತಿತು. ಆಮೇಲೆ ಮೂರು ವರ್ಷದ ತಂಗಿಯನ್ನು ತಂದು ಗಾಡಿಯ ಪೆಟ್ಟಿಗೆಯೊಳಗೆ ಹಾಕಿ ಮುಚ್ಚಳ ಮುಚ್ಚಿದಾಗ ಅವನಿಗೆ ಅರ್ಥವಾಯಿತು. ಹಾರಿ ಇಳಿದು ಮನೆಯೊಳಗೆ ಓಡಿ ಮಂಚದಡಿ ಬಚ್ಚಿಟ್ಟುಕೊಂಡ. ಎಳೆದು ತಂದು ಕೂರಿಸಿದರು. ಆಗ ಇಸಬೆಲ್ಲಾ ಇನ್ನೂ ಕೂಸು. ಅವಳು ಇದನ್ನು ಕಂಡವಳಲ್ಲ, ರಾತ್ರಿ ಹೊತ್ತು ನೆಲಮಾಳಿಗೆಯಲ್ಲಿ ಅಪ್ಪ ಅವ್ವ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದುದನ್ನು ಕೇಳಿದವಳು. ಆ ಮನೆಯ ಇತಿಹಾಸವನ್ನು ಇಟ್ಟುಕೊಂಡಿದ್ದದ್ದು ಹೀಗೆ, ಬಾಯಿಂದ ಕಿವಿಗೆ.

ಚಾರ್ಲ್ಸ್ ಸತ್ತ. ಆಸ್ತಿ ಹರಾಜಿಗೆ ಬಂತು. ಇಸಬೆಲ್ಲಾಗೆ ಆಗ ಒಂಬತ್ತು ಇರಬಹುದು. ಒಂದು ಮಂದೆ ಕುರಿಯ ಜತೆ ಸೇರಿಸಿ ನೂರು ಡಾಲರಿಗೆ ಕೂಗಿದರು. ಕುರಿಗೆಷ್ಟು, ಹುಡುಗಿಗೆಷ್ಟು ಅಂತ ಬಿಡಿಸಿ ಹೇಳಿಲ್ಲ.

ಕೊಂಡವನು ಜಾನ್ ನೀಲಿ. ಅವನ ಮನೆಮಂದಿಗೆ ಬರೋದು ಇಂಗ್ಲಿಷ್. ಇವಳಿಗೆ ಗೊತ್ತಿದ್ದುದು ಡಚ್ ಒಂದೇ, ಮೊದಲ ಧಣಿಯ ಭಾಷೆ. ಬಾಣಲೆ ತಾ ಅಂದರೆ ಪಾತ್ರೆ ನೇತುಹಾಕುವ ಕೊಕ್ಕೆ ತರುತ್ತಿದ್ದಳು. ತಂದದ್ದಕ್ಕೆ ಏಟು. ಒಂದು ಭಾನುವಾರ ಬೆಳಗ್ಗೆ ಕೊಟ್ಟಿಗೆಗೆ ಕರೆದೊಯ್ದು, ಕೈ ಕಟ್ಟಿ, ಕೆಂಡದಲ್ಲಿ ಕಾಸಿ ಹದ ಮಾಡಿದ ಬರಲುಗಳ ಕಟ್ಟಿನಿಂದ ಹೊಡೆದ. ಆ ಗುರುತು ಸಾಯುವತನಕ ಅವಳ ಬೆನ್ನ ಮೇಲಿತ್ತು.

ಇಲ್ಲಿ ನಾನು ಸ್ವಲ್ಪ ನಿಂತೆ. ನಮ್ಮ ಹಳ್ಳಿ ಸ್ಕೂಲಿನಿಂದ ಪಟ್ಟಣದ ಕಾಲೇಜಿಗೆ ಬಂದ ಮೊದಲ ವರ್ಷ ಲೆಕ್ಚರರು ಇಂಗ್ಲಿಷಿನಲ್ಲಿ ಕೇಳಿದ ಪ್ರಶ್ನೆಗೆ ನಾನು ಎದ್ದು ನಿಂತು ಬೇರೆ ಏನನ್ನೋ ಹೇಳಿದೆ. ಕ್ಲಾಸು ನಕ್ಕಿತು. ಏಟು ಬೀಳಲಿಲ್ಲ, ನಿಜ. ಒಂಬತ್ತು ವರ್ಷದ ಇಸಬೆಲ್ಲಾಳ ಬೆನ್ನಿಗೂ ನನ್ನ ನಾಚಿಕೆಗೂ ಹೋಲಿಕೆ ಮಾಡುವುದು ತಪ್ಪು, ಅದೂ ಗೊತ್ತು. ಆದರೆ ಆ ಬಾಣಲೆ ಮತ್ತು ಕೊಕ್ಕೆಯನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಇನ್ನೊಂದು ಮಾತು. ಅವಳ ಭಾಷಣಗಳನ್ನು ಆಮೇಲೆ ಬರೆದಿಟ್ಟ ಕೆಲವರು ಅವಳ ಬಾಯಿಗೆ ದಕ್ಷಿಣದ ಗುಲಾಮರ ಇಂಗ್ಲಿಷನ್ನು ತುರುಕಿದರು. ಡಚ್ ಮನೆಯ ನೆಲಮಾಳಿಗೆಯಲ್ಲಿ ಮಾತು ಕಲಿತವಳು ಹಾಗೆ ಮಾತಾಡಿರಲು ಸಾಧ್ಯವಿಲ್ಲ. ನಮ್ಮ ಬಗ್ಗೆ ಬರೆಯುವ ದೊಡ್ಡವರೂ ಹೀಗೇ, ನಮಗೆ ಒಂದು ಭಾಷೆ ಹೊಲಿಸಿ ತೊಡಿಸುತ್ತಾರೆ.

ನೀಲಿಯಿಂದ ಇನ್ನೊಬ್ಬನಿಗೆ, ಅವನಿಂದ 1810ರಲ್ಲಿ ನ್ಯೂ ಪಾಲ್ಟ್ಸಿನ ಜಾನ್ ಡ್ಯೂಮಾಂಟನಿಗೆ, 70 ಪೌಂಡಿಗೆ. ಹೀಗೆ ಅವಳು ಹದಿಮೂರು ತುಂಬುವ ಹೊತ್ತಿಗೆ ಕೈಯಿಂದ ಕೈಗೆ ಹೋಗಿದ್ದಳು.

ಆ ಕಾಲದ ನ್ಯೂಯಾರ್ಕಿನ ಪತ್ರಿಕೆಗಳಲ್ಲಿ ಮನೆ ಮಾರಾಟದ ಜಾಹೀರಾತುಗಳು ಬರುತ್ತಿದ್ದವು. ಇಂತಿಷ್ಟು ಎಕರೆ ಹೊಲ, ಒಳ್ಳೆ ಕಲ್ಲುಮನೆ, ಕಣಜ, ಸೇಬಿನ ತೋಪು, ಹಸು, ಕುದುರೆ, ಜತೆಗೆ ಬೇಸಾಯ ಬಲ್ಲ ಒಬ್ಬ ನೀಗ್ರೊ ಆಳು, ಅಡುಗೆ ಬಲ್ಲ ಒಬ್ಬ ಹೆಂಗಸು. ಎಲ್ಲ ಒಂದೇ ಪಟ್ಟಿಯಲ್ಲಿ. ಅದರ ಪಕ್ಕದಲ್ಲೇ ತಪ್ಪಿಸಿಕೊಂಡವರ ಜಾಹೀರಾತು: ಇಂಥ ಅಂಗಿ ತೊಟ್ಟಿದ್ದಾನೆ, ಇಲ್ಲಿ ಗಾಯದ ಕಲೆ ಇದೆ, ಡಚ್ ಇಂಗ್ಲಿಷ್ ಎರಡೂ ಆಡುತ್ತಾನೆ, ಹಿಡಿದುಕೊಟ್ಟವರಿಗೆ ಇನಾಮು. ಗೆಳೆಯರೇ, ಹಳೆಯ ಜಾಹೀರಾತು ಕ್ರೂರವಾಗಿತ್ತು, ಆದರೆ ಸುಳ್ಳು ಹೇಳಲಿಲ್ಲ. ಮನೆಗೆ ಬೆಲೆ ಬಂದದ್ದು ಯಾರಿಂದ ಅಂತ ಅದು ಬರೆದುಕೊಂಡಿತು. ಹೊಸ ಜಾಹೀರಾತು ಸಭ್ಯವಾಗಿದೆ. ತೊಲೆಯ ಕೊಡಲಿ ಗುರುತನ್ನು ತೋರಿಸುತ್ತದೆ, ಕೊಡಲಿ ಹಿಡಿದ ಕೈಯನ್ನು ಬಿಡುತ್ತದೆ. ಇವೆರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಮಾತ್ರ ಮನೆ ಪೂರ್ತಿ ಕಾಣುತ್ತದೆ.

ಕಾನೂನಿನ ಕತೆಯನ್ನೂ ಹೇಳಬೇಕು, ಮೇಷ್ಟ್ರುಗಳು ಕೇಳುತ್ತೀರಿ. 1799ರಲ್ಲಿ ನ್ಯೂಯಾರ್ಕ್ ಒಂದು ಕಾಯಿದೆ ಮಾಡಿತು. ಆ ವರ್ಷದ ಜುಲೈ 4ರ ನಂತರ ಹುಟ್ಟುವ ಗುಲಾಮರ ಮಕ್ಕಳು ಸ್ವತಂತ್ರರು. ಆದರೆ ಗಂಡಾದರೆ 28, ಹೆಣ್ಣಾದರೆ 25 ವರ್ಷ ತುಂಬುವವರೆಗೆ ತಾಯಿಯ ಧಣಿಗೆ ದುಡಿಯಬೇಕು. ಸ್ವತಂತ್ರರು, ಆದರೆ! ಆ ದಿನಕ್ಕೆ ಮುಂಚೆ ಹುಟ್ಟಿದವರ ಬಿಡುಗಡೆಗೆ 1817ರಲ್ಲಿ ಇನ್ನೊಂದು ಕಾಯಿದೆ, ಅದೂ ಹತ್ತು ವರ್ಷ ತಡೆದು, 1827ರ ಜುಲೈ 4ಕ್ಕೆ. ದುಡಿದವರಿಗೆ ಒಂದು ಗುಂಟೆ ಜಮೀನಿಲ್ಲ, ಒಂದು ಪೈಸೆ ಕೂಲಿಯಿಲ್ಲ. ಇಲ್ಲೂ ಜೀತ ಪದ್ಧತಿ ರದ್ದಾಗಿದ್ದು 1976ರ ಕಾಯಿದೆಯಿಂದ. ಅದರ ಕಾಗದ ನಮ್ಮ ಕೇರಿಗೆ ಯಾವಾಗ ಬಂತು ಅನ್ನೋದು ಇನ್ನೊಂದು ಲೇಖನಕ್ಕೆ ಇರಲಿ.

ಇಸಬೆಲ್ಲಾಳ ಅಪ್ಪನಿಗೆ ಬಿಡುಗಡೆ ಬೇಗ ಸಿಕ್ಕಿತು. ಮುದುಕನಾಗಿದ್ದ, ಕೆಲಸಕ್ಕೆ ಬಾರನು, ಹಾರ್ಡನ್‌ಬರ್ಗ್ ವಾರಸುದಾರರಿಗೆ ಅನ್ನ ಹಾಕುವುದು ದಂಡ. ಅವನನ್ನು ನೋಡಿಕೊಳ್ಳಲಿ ಅಂತ ಬೆಟ್ಟಳನ್ನೂ ಬಿಟ್ಟರು. ಅದೇ ನೆಲಮಾಳಿಗೆಯಲ್ಲೇ ಉಳಿದುಕೊಂಡರು. ಬೆಟ್ ಸತ್ತಳು. ಅಪ್ಪ ಕಣ್ಣು ಕಾಣದೆ, ಕಾಡಿನೊಳಗಿನ ಒಂದು ಗುಡಿಸಲಲ್ಲಿ, ಚಳಿಗೆ ಹಸಿವಿಗೆ ಒಬ್ಬಂಟಿಯಾಗಿ ಸತ್ತ. ಸತ್ತಮೇಲೆ ಶವಪೆಟ್ಟಿಗೆಗೆ ಕಪ್ಪು ಬಣ್ಣವನ್ನು ಧಣಿ ಮನೆಯವರೇ ಕೊಡಿಸಿದರಂತೆ.

ಡ್ಯೂಮಾಂಟ್ ಒಂದು ವರ್ಷ ಮುಂಚೆಯೇ ಬಿಡುತ್ತೇನೆ ಅಂದಿದ್ದ. ಮಾತಿಗೆ ತಪ್ಪಿದ. ಅವಳು ತಪ್ಪಲಿಲ್ಲ. ಅವನಿಗೆ ಸಲ್ಲಬೇಕಾದ್ದು ಅಂತ ತನಗೆ ತೋರಿದಷ್ಟು ಉಣ್ಣೆ ನೂತು ಮುಗಿಸಿ, 1826ರ ಕೊನೆಯ ಒಂದು ಬೆಳಗಿನ ಜಾವ, ಮೊಲೆಕೂಸನ್ನು ಎತ್ತಿಕೊಂಡು ಹೊರಟಳು. ಓಡಲಿಲ್ಲ, ನಡೆದೇ ಹೋದೆ ಅಂತ ಮುಂದೆ ಹೆಮ್ಮೆಯಿಂದ ಹೇಳಿಕೊಂಡಳು. ಉಳಿದ ಮಕ್ಕಳು ಕಾಯಿದೆ ಪ್ರಕಾರ "ಸ್ವತಂತ್ರರು", ಆದ್ದರಿಂದ ಡ್ಯೂಮಾಂಟನ ಹತ್ತಿರವೇ ಉಳಿದರು. ಹತ್ತಿರದ ವಾನ್ ವ್ಯಾಗನೆನ್ ದಂಪತಿಗಳು ಆಸರೆ ಕೊಟ್ಟರು. ಧಣಿ ಹುಡುಕಿಕೊಂಡು ಬಂದಾಗ ಅವಳ ಉಳಿದ ದುಡಿಮೆಗೆ 20 ಡಾಲರ್, ಕೂಸಿಗೆ 5 ಡಾಲರ್ ಕೊಟ್ಟು ಕಳಿಸಿದರು.

ಆಗ ಸುದ್ದಿ ಬಂತು: ಮಗ ಪೀಟರ್ ಕೈಯಿಂದ ಕೈಗೆ ದಾಟಿ ದೂರದ ಅಲಬಾಮಾಕ್ಕೆ ಮಾರಾಟವಾಗಿದ್ದಾನೆ. ಐದಾರು ವರ್ಷದ ಹುಡುಗ. ರಾಜ್ಯದ ಆಚೆ ಮಾರುವುದು ಆಗಲೇ ಕಾನೂನಿಗೆ ವಿರುದ್ಧ. ಡ್ಯೂಮಾಂಟನ ಹೆಂಡತಿಯ ಹತ್ತಿರ ಹೋಗಿ ಕೇಳಿದರೆ ಒಂದು ಪಿಳ್ಳೆಗೋಸ್ಕರ ಇಷ್ಟು ರಂಪವೇ ಅಂತ ಹಂಗಿಸಿದಳು. ಇಸಬೆಲ್ಲಾ ಕಿಂಗ್‌ಸ್ಟನ್ನಿನ ಕೋರ್ಟಿಗೆ ನಡೆದಳು. ಓದು ಬಾರದ, ದುಡ್ಡಿಲ್ಲದ, ನೆನ್ನೆವರೆಗೆ ತಾನೇ ಸರಕಾಗಿದ್ದ ಹೆಂಗಸು. 1828ರಲ್ಲಿ ಗೆದ್ದಳು. ಬಿಳಿಯನ ವಿರುದ್ಧ ಮೊಕದ್ದಮೆ ಗೆದ್ದ ಮೊದಮೊದಲ ಕಪ್ಪು ಹೆಂಗಸರಲ್ಲಿ ಒಬ್ಬಳು. ಮಗ ಎದುರು ಬಂದಾಗ ಹೆದರಿ, ಇವಳು ನನ್ನ ಅವ್ವ ಅಲ್ಲ ಅಂದ. ಅಂಗಿ ಎತ್ತಿ ನೋಡಿದರೆ ಬೆನ್ನಿನ ತುಂಬ ಬರೆ. ಕಳೆದೇಹೋಗಿವೆ ಅಂದುಕೊಂಡಿದ್ದ ಆ ಮೊಕದ್ದಮೆಯ ಕಾಗದಗಳು 2022ರಲ್ಲಿ ರಾಜ್ಯದ ದಫ್ತರದಲ್ಲಿ ಸಿಕ್ಕವು.

ಜ್ಯೋತಿಬಾ ಫುಲೆಯವರು 1873ರಲ್ಲಿ 'ಗುಲಾಮಗಿರಿ' ಪುಸ್ತಕವನ್ನು, ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದರು. ಆಗ ಸೊಜರ್ನರ್ ಟ್ರೂತ್ ಬದುಕಿದ್ದಳು. ತೀರಿಕೊಂಡದ್ದು 1883ರಲ್ಲಿ. ಬಾಬಾಸಾಹೇಬರು 1913ರಿಂದ 1916ರವರೆಗೆ ಓದಿದ ಕೊಲಂಬಿಯಾ ವಿಶ್ವವಿದ್ಯಾಲಯ ಇರುವುದು ಇದೇ ಹಡ್ಸನ್ ನದಿಯ ಕೆಳಗಿನ ತುದಿಯಲ್ಲಿ. 1946ರಲ್ಲಿ ಅವರು ಕಪ್ಪು ಚಿಂತಕ ಡುಬಾಯ್ಸ್‌ಗೆ ಕಾಗದ ಬರೆದು ನಿಮ್ಮವರ ಸ್ಥಿತಿಗೂ ನಮ್ಮವರ ಸ್ಥಿತಿಗೂ ಇರುವ ಹೋಲಿಕೆಯನ್ನು ಹೇಳಿದ್ದರು. ಆದ್ದರಿಂದ ಆ ಮನೆ ನಮಗೆ ತೀರ ಹೊರಗಿನದಲ್ಲ.

ಬಿಡುಗಡೆಯ ನಂತರ ನೂರು ವರ್ಷ ಈ ಕಲ್ಲುಮನೆಗಳ ಕತೆಯನ್ನು ಧಣಿಗಳ ವಂಶದವರೇ ಹೇಳಿದರು. ದೈವಭಕ್ತರು, ಶ್ರಮಜೀವಿಗಳು, ಸ್ವಾತಂತ್ರ್ಯಪ್ರಿಯರು. ಹರ್ಲಿಯಲ್ಲಿ ವರ್ಷಕ್ಕೊಂದು ದಿನ ಮನೆಗಳ ಬಾಗಿಲು ತೆರೆದು ಜನರಿಗೆ ತೋರಿಸುವ ಪದ್ಧತಿಯಿದೆ. ಒಪ್ಪುತ್ತೇನೆ, ಕಲ್ಲಿನ ಕೆಲಸ ಚೆಂದವಾಗಿದೆ. ಕಿತ್ತುಹಾಕಿ ಅಂತ ನಾನು ಹೇಳೋದಿಲ್ಲ. ನಮ್ಮೂರ ತೊಟ್ಟಿಮನೆ ಬಿದ್ದುಹೋದರೆ ತಾತ ಇಳಿದ ಹಗೇವಿನ ಗುರುತೂ ಹೋಗುತ್ತದೆ. ನನ್ನ ತಕರಾರು ಪಟ್ಟಿಯ ಬಗ್ಗೆ. ಬೆಂಕಿಗೂಡನ್ನು ಬರೆದವನು ಅದರ ಮುಂದೆ ಕೂತವಳನ್ನೂ ಬರೆಯಲಿ.

ಈಚೆಗೆ ಸ್ವಲ್ಪ ಸ್ವಲ್ಪ ಬರೆಯುತ್ತಿದ್ದಾರೆ, ಇಲ್ಲವೆನ್ನಬಾರದು. ಅವಳು ಹುಟ್ಟಿದ ಸೀಮೆಯಲ್ಲಿ 2013ರಲ್ಲಿ ಕೊಡ ಹೊತ್ತ ಪುಟ್ಟ ಹುಡುಗಿಯ ವಿಗ್ರಹ ನಿಲ್ಲಿಸಿದರು. ಭಾಷಣಕಾರ್ತಿಯಲ್ಲ, ದುಡಿಯುವ ಮಗು. 2019ರಲ್ಲಿ ನ್ಯೂ ಪಾಲ್ಟ್ಸಿನ ಸರ್ಕಾರಿ ಕಾಲೇಜಿನ ಹಾಸ್ಟೆಲುಗಳಿಂದ ಗುಲಾಮರನ್ನಿಟ್ಟುಕೊಂಡಿದ್ದ ಸ್ಥಾಪಕ ಮನೆತನಗಳ ಹೆಸರು ತೆಗೆದರು.

ಅದೇ 2019ರಲ್ಲಿ ಕಿಂಗ್‌ಸ್ಟನ್ ಪಟ್ಟಣದ ಪೈನ್ ಬೀದಿಯಲ್ಲಿ ಇನ್ನೊಂದು ಮನೆ ಮಾರಾಟವಾಯಿತು. ಕಲ್ಲುಮನೆಯಲ್ಲ, ಜಾಹೀರಾತಿನಲ್ಲಿ ಹೊಗಳುವಂಥದ್ದೇನೂ ಅದರಲ್ಲಿರಲಿಲ್ಲ. ಹಿಂದಿನ ಕಾಲದಲ್ಲಿ ಗುಲಾಮರನ್ನು ಊರೊಳಗಿನ ಚರ್ಚಿನ ಅಂಗಳದಲ್ಲಿ ಹೂಳುತ್ತಿರಲಿಲ್ಲ. ಕೋಟೆಬೇಲಿಯ ಹೊರಗೆ ಅವರಿಗೆ ಬೇರೆ ಜಾಗ. ಊರು ಬೆಳೆದ ಹಾಗೆ ಆ ಮಸಣ ಸೈಟುಗಳಾಗಿ ಮೇಲೆ ಮನೆಗಳೆದ್ದವು. ಈ ಮನೆಯ ಹಿತ್ತಲು ಆ ಮಸಣದ್ದು. ಹರಾಂಬೆ ಅನ್ನೋ ಕಪ್ಪು ಜನರ ಸ್ಥಳೀಯ ಸಂಘ, ಭೂಮಿ ಉಳಿಸುವ ಸಂಸ್ಥೆಗಳ ಜತೆ ಕೂಡಿ, ದುಡ್ಡು ಹೊಂದಿಸಿ, ಹಿತ್ತಲಿಗೋಸ್ಕರ ಮನೆಯನ್ನೇ ಕೊಂಡಿತು. ಆಮೇಲೆ ನ್ಯೂ ಪಾಲ್ಟ್ಸ್ ಕಾಲೇಜಿನ ವಿದ್ಯಾರ್ಥಿಗಳು ಬೇಸಿಗೆಯಲ್ಲಿ ಬಂದು, ಹಿತ್ತಲ ಮಣ್ಣನ್ನು ಕರಣೆಯಲ್ಲಿ ಪದರ ಪದರ ಕೆರೆದು, ಜರಡಿ ಹಿಡಿದು, ಯಾರ್ಯಾರು ಎಲ್ಲೆಲ್ಲಿ ಮಲಗಿದ್ದಾರೆ ಅಂತ ಗುರುತು ಹಾಕತೊಡಗಿದರು.